ಪಾದದ ಕೀಲು ಮುರಿದಾಗ ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು

ಪ್ಲಾಸ್ಟರ್ ಹಾಕಿಸಿಕೊಂಡವರೆಲ್ಲ ಮೊದಲು ಕೇಳುವುದು ಮೂಳೆ ಯಾವಾಗ ಕೂಡುತ್ತದೆ ಎಂದು. ದೊಡ್ಡವರಲ್ಲಿ ಸುಮಾರು 6 ವಾರ ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಸಿಗರೇಟು ಬಿಡದವರಿಗೆ ಇನ್ನೂ ತಡ. ಅಲುಗಾಡಿಸದೆ ಬಿಟ್ಟರೆ ಮೂಳೆ ತನ್ನ ಪಾಡಿಗೆ ಕೂಡುತ್ತದೆ. ಮನೆಯಲ್ಲಿ ನೀವು ಕಾಯಬೇಕಾದದ್ದು ಊತವನ್ನು. ಊತ ಇಳಿಯದಿದ್ದರೆ ಪ್ಲಾಸ್ಟರ್ ಬಿಗಿಯಾಗುತ್ತದೆ, ಆಪರೇಷನ್ ಆಗಿದ್ದರೆ ಹೊಲಿಗೆಯ ಗಾಯವೂ ಬೇಗ ಮಾಯುವುದಿಲ್ಲ.

ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲಿಟ್ಟರೆ ಸಾಲದು, ಪಾದ ಎದೆಗಿಂತ ಮೇಲಿರಬೇಕು. ಮಲಗಿಕೊಂಡು ಮೀನಖಂಡದ ಕೆಳಗೆ ಉದ್ದಕ್ಕೆ ಎರಡು ಮೂರು ದಿಂಬು ಇಟ್ಟು, ಹಿಮ್ಮಡಿ ದಿಂಬಿನಾಚೆ ಏನನ್ನೂ ತಾಗದೆ ಇರುವಂತೆ ನೋಡಿಕೊಳ್ಳಿ. ಗಂಟೆಗಟ್ಟಲೆ ಹಿಮ್ಮಡಿಯ ಮೇಲೇ ಭಾರ ಬಿದ್ದರೆ ಪ್ಲಾಸ್ಟರ್ ಒಳಗೇ ಹುಣ್ಣಾಗುತ್ತದೆ. ಅಲ್ಲಿ ಉರಿ ಶುರುವಾದರೆ ಸಹಿಸಿಕೊಂಡು ಕೂರಬೇಡಿ, ತೋರಿಸಿ. ಮೊದಲ ಎರಡು ವಾರ ಊಟಕ್ಕೆ, ಶೌಚಕ್ಕೆ ಬಿಟ್ಟರೆ ಕಾಲು ಇಳಿಬಿಡದಿರುವುದೇ ಲೇಸು. ಕೆಳಗಿಳಿಸಿದಾಗ ಬೆರಳು ಕೆಂಪಾಗಿ ನೇರಳೆ ಬಣ್ಣಕ್ಕೆ ತಿರುಗುವುದು, ಮೇಲೆತ್ತಿದಾಗ ಸರಿಯಾಗುವುದು ಸಹಜ. ಎತ್ತಿಟ್ಟರೂ ನೀಲಿಯಾಗಿ ಅಥವಾ ಬಿಳಿಚಿ ತಣ್ಣಗಿದ್ದರೆ, ಜೋಮು ಬಿಡದಿದ್ದರೆ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಹೋದರೆ, ಬೆರಳು ಹಿಡಿದು ಎಳೆದಾಗ ಪ್ರಾಣ ಹೋಗುವಂತಾದರೆ ಬೆಳಗಿನವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ. ಮೀನಖಂಡ ಬಿಗಿದು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು, ಅದಕ್ಕೂ ಇಷ್ಟೇ ಅವಸರ ಬೇಕು.

ಊತ ಇಳಿದ ಮೇಲೆ ಪ್ಲಾಸ್ಟರ್ ಸಡಿಲವಾಗುತ್ತದೆ. ಒಳಗೆ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಿದ್ದರೆ ಬದಲಿಸಲೇಬೇಕು, ಹತ್ತಿ ತುರುಕಿ ಸರಿಮಾಡುವ ಕೆಲಸ ಅದಲ್ಲ. ತುರಿಕೆಗೆ ಸ್ಕೇಲು, ಹೆಣಿಗೆ ಕಡ್ಡಿ ತೂರಿಸಿ ಕೆರೆದವರ ಕಾಲಿನಲ್ಲಿ ಕೀವಾಗುವುದುಂಟು; ಹೇರ್ ಡ್ರೈಯರಿನ ತಣ್ಣನೆ ಗಾಳಿ ಸಾಕು.

ಊರುಗೋಲಿನ ಎತ್ತರ ಅನೇಕರಲ್ಲಿ ತಪ್ಪಿರುತ್ತದೆ. ನೆಟ್ಟಗೆ ನಿಂತಾಗ ಅದರ ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು, ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು. ಭಾರವೆಲ್ಲ ಅಂಗೈ ಮೇಲೆ. ಕಂಕುಳಲ್ಲಿ ಜೋತುಬಿದ್ದು ನಡೆದರೆ ಅಲ್ಲಿನ ನರ ಅದುಮಿ ಕೈಯೇ ಸೋಲುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ಪೆಟ್ಟಾದ ಕಾಲು ಮೊದಲು.

ಸ್ವಲ್ಪ ಭಾರ ಹಾಕಬಹುದು ಎಂದು ವೈದ್ಯರು ಹೇಳಿದ ಮೇಲೆ ಎಷ್ಟು ಕಿಲೋ ಎಂದು ಕೇಳಿಕೊಳ್ಳಿ. 20 ಕಿಲೋ ಎಂದರೆ ಅಂದಾಜಿಗೆ ಸಿಗುವುದಿಲ್ಲ. ಊರುಗೋಲು ಹಿಡಿದು, ತೂಕದ ಯಂತ್ರದ ಮೇಲೆ ಆ ಪಾದ, ಅಷ್ಟೇ ಎತ್ತರದ ಪುಸ್ತಕದ ಮೇಲೆ ಇನ್ನೊಂದು ಪಾದ ಇಟ್ಟು ಮೆಲ್ಲಗೆ ಒತ್ತುತ್ತ ಹೋಗಿ. ಮುಳ್ಳು 20ಕ್ಕೆ ಬಂದಾಗ ಅಂಗಾಲಿಗೆ ಆಗುವ ಒತ್ತಡ ನೆನಪಿಟ್ಟುಕೊಳ್ಳಿ.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸಣಕಲಾಗಿ, ಚರ್ಮ ಸುಲಿಯುತ್ತಿರುತ್ತದೆ. ಪಾದ ಮೇಲಕ್ಕೆ ಬಾಗುವುದೇ ಎಲ್ಲಕ್ಕಿಂತ ಕಷ್ಟ. ಕಾಲು ಚಾಚಿ ಕೂತು, ಪಾದದ ಮುಂಭಾಗಕ್ಕೆ ಟವೆಲ್ ಸುತ್ತಿ ನಿಮ್ಮ ಕಡೆಗೆ 30 ಸೆಕೆಂಡು ಎಳೆದು ಹಿಡಿಯಿರಿ. ಒಂದು ಸಲಕ್ಕೆ ಮೂರು ನಾಲ್ಕು ಬಾರಿ ಸಾಕು. ಬಿಗಿತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. ಸಂಜೆಯ ಊತ ತಿಂಗಳುಗಟ್ಟಲೆ ಇರುತ್ತದೆ, ಅದಕ್ಕಾಗಿ ಮತ್ತೆ ಎಕ್ಸ್‌ರೇ ತೆಗೆಸುವುದು ಬೇಕಿಲ್ಲ. ಕಾಲೂರಿದಾಗ ಹೊಸದಾಗಿ ನೋವು ಶುರುವಾದರೆ ತೆಗೆಸಿ.