ನುಡಿಸಿದವರ ಕೈ ದಾಟಿದ ಮೇಲೆ ಏರುವ ಬೆಲೆ

ದಾವಣಗೆರೆಯ ಆರ್ಕೆಸ್ಟ್ರಾ ಹುಡುಗರ ನಡುವೆ ಈಗ ಬೇಸ್ ಗಿಟಾರ್ ಹರಾಜಿನ ಮಾತು ಜಾಸ್ತಿ. ನಾಲ್ಕು ತಂತಿಯ ವಾದ್ಯಕ್ಕೆ ಕೋಟಿ ಯಾಕೆ ಅಂತ ಕೇಳಿದರೆ ಉತ್ತರ ಗೋಜಲು. ಹಳೇ ಗಿಟಾರ್, ಕಲಾವಿದನ ಹೆಸರಿಟ್ಟು ಕಂಪನಿ ಮಾರುವ ಹೊಸ ಗಿಟಾರ್, ಕಲಾವಿದ ತಾನೇ ನುಡಿಸಿದ ಗಿಟಾರ್ ಬೇರೆ ಬೇರೆ. ಮಾತಾಡುವಾಗ ಎಲ್ಲವನ್ನೂ ಕಲಸಿಬಿಡುತ್ತೇವೆ.

ಅಮೆರಿಕದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಎಂಬ ಮಾದರಿ ತಂದದ್ದು 1951ರಲ್ಲಿ, ನಮ್ಮ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾದ ವರ್ಷ. 1960ರಲ್ಲಿ ಜಾಝ್ ಬೇಸ್ ಬಂತು. 1965ರಲ್ಲಿ ಫೆಂಡರ್ ಕಂಪನಿ ಅಮೆರಿಕದ ದೊಡ್ಡ ಪ್ರಸಾರ ಸಂಸ್ಥೆ ಸಿಬಿಎಸ್ ಪಾಲಾಯಿತು. ಆಮೇಲೆ ಕೆಲಸದ ಗುಣಮಟ್ಟ ಇಳಿಯಿತು ಎಂಬ ಮಾತು ಹಬ್ಬಿ, ಅದಕ್ಕೆ ಮುಂಚಿನ ಗಿಟಾರ್‌ಗಳ ಬೆಲೆ ಏರಿತು. ಅಲ್ಲಿಯವರೆಗೆ ಇದು ಹಳೇ ಸಾಮಾನಿನ ವ್ಯಾಪಾರ ಅಷ್ಟೇ.

ನುಡಿಸಿದವರ ಹೆಸರಿಗೇ ಬೆಲೆ ಬಂದದ್ದು ಹೇಗೆ ಅಂತ ತಿಳಿಯಲು ಅಮೆರಿಕದ ಜಾಝ್ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ ಗಿಟಾರ್ ಸಾಕು. ಅದು 1962ರ ಫೆಂಡರ್ ಜಾಝ್ ಬೇಸ್. ಅದರಲ್ಲಿ ಫ್ರೆಟ್‌ಗಳು, ಅಂದರೆ ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿಗಳು ಇರಲಿಲ್ಲ. ಫ್ರೆಟ್ ಇದ್ದ ಜಾಗ ತುಂಬಿಸಿ, ಮೇಲೆ ದೋಣಿಗೆ ಬಳಿಯುವ, ಒಣಗಿದರೆ ಗಟ್ಟಿಯಾಗುವ ಎಪಾಕ್ಸಿ ಅಂಟು ಬಳಿದಿತ್ತು. ಫ್ರೆಟ್ ಇಲ್ಲದ್ದರಿಂದ ಸ್ವರ ಜಾರುತ್ತಿತ್ತು, ಗಟ್ಟಿ ಮೈಯಿಂದಾಗಿ ಹಾಡಿದ ಹಾಗೆ ಕೇಳುತ್ತಿತ್ತು. ಅಂಗಡಿಯವರ ಕಣ್ಣಿಗೆ ಇದು ಕೆಡಿಸಿದ ಗಿಟಾರ್. ಆದರೆ 1976ರಲ್ಲಿ ಅವರ ಮೊದಲ ಆಲ್ಬಂ ಬಂದ ಮೇಲೆ ಬೇಸ್ ನುಡಿಸುವವರೆಲ್ಲ ಆ ದನಿಯ ಬೆನ್ನುಬಿದ್ದರು. 1986ರಲ್ಲಿ ಬೇಸ್ ಕಳುವಾಯಿತು. ಮರುವರ್ಷ, 35ನೇ ವಯಸ್ಸಿಗೇ ಜಾಕೋ ತೀರಿಕೊಂಡರು. ಸುಮಾರು ಇಪ್ಪತ್ತು ವರ್ಷದ ನಂತರ ಅದು ನ್ಯೂಯಾರ್ಕ್‌ನಲ್ಲಿ ಕಾಣಿಸಿಕೊಂಡಿತು. ಯಾರದ್ದು ಎಂಬ ಜಗಳ ಹತ್ತಿತು. ಕೊನೆಗೆ 2010ರಲ್ಲಿ ಅಮೆರಿಕದ ಮೆಟಾಲಿಕಾ ಬ್ಯಾಂಡಿನ ಬೇಸ್ ವಾದಕ ರಾಬರ್ಟ್ ಟ್ರುಹಿಯೋ ದುಡ್ಡು ಕೊಟ್ಟು ಬಿಡಿಸಿಕೊಂಡರು. ಜಾಕೋ ಮನೆಯವರಿಗೂ ಅದರ ಮೇಲೆ ಹಕ್ಕು ಉಳಿಯಿತು. ನುಡಿಸುವವರ ಕೈಗೇ ಬಂತಲ್ಲ, ಅದೇ ಖುಷಿ.

ಎಲ್ಲಕ್ಕೂ ಹೀಗಾಗುವುದಿಲ್ಲ. 2020ರಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಹಳೇ ಬೇಸ್ ವಾದಕ ಬಿಲ್ ವೈಮನ್ ಅವರ 1969ರ ಮಸ್ಟ್ಯಾಂಗ್ ಬೇಸ್ ಹರಾಜಿನಲ್ಲಿ 3,84,000 ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿಗೂ ಮೇಲೆ. ಮಸ್ಟ್ಯಾಂಗ್ ಅಂದರೆ ಫೆಂಡರ್ ಕಂಪನಿ ಕಲಿಯುವವರಿಗೆಂದು ಮಾಡಿದ ಅಗ್ಗದ ಮಾದರಿ. ಅಂದರೆ ಮರಕ್ಕಲ್ಲ, ಕೈಗೆ ಬೆಲೆ. ಅಷ್ಟು ಕೊಟ್ಟವರು ಅದನ್ನು ವೇದಿಕೆಗೆ ತರಲು ಹೆದರುತ್ತಾರೆ. ವಾದ್ಯ ಮೂಕವಾಗುತ್ತದೆ. ನನಗೆ ನೋವಾಗುವುದು ಇಲ್ಲೇ.

ಇಂಥ ಹಳೇ ಗಿಟಾರ್ ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರುತ್ತವೆ. ಮರದ ತೊಡಕೂ ಇದೆ. 60ರ ದಶಕದ ಮೊದಲರ್ಧದ ಫೆಂಡರ್‌ಗಳಲ್ಲಿ ಬ್ರೆಜಿಲ್ ರೋಸ್‌ವುಡ್‌ನ ಫ್ರೆಟ್‌ಬೋರ್ಡ್ (ಬೆರಳೂರುವ ಪಟ್ಟಿ) ಸಾಮಾನ್ಯ. ನಮ್ಮ ಮಲೆನಾಡಿನ ಬೀಟೆಯ ಬಳಗದ ಮರ ಅದು. 1992ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ.

ಎಲ್ಲಕ್ಕಿಂತ ಮುಖ್ಯ, ದಾಖಲೆ. ಮರದ ಗೆರೆ, ಬಣ್ಣ ಎದ್ದ ಗುರುತನ್ನು ಹಳೇ ವೇದಿಕೆ ಫೋಟೋ ಜೊತೆ ಹೋಲಿಸಿ ನೋಡುತ್ತಾರೆ. ಫೋಟೋ, ಬಿಲ್ಲು ಇಲ್ಲದಿದ್ದರೆ ಹೆಸರಿಗೆ ಬೆಲೆಯಿಲ್ಲ. ನಮ್ಮ ಗಣೇಶೋತ್ಸವ, ಮದುವೆಗಳಲ್ಲಿ ನುಡಿದ ಬೇಸ್‌ಗಳಿಗೆ ಇವನ್ನು ಇಟ್ಟುಕೊಂಡವರು ಕಡಿಮೆ. ಕೀಬೋರ್ಡಿನಲ್ಲೇ ಬೇಸ್ ಸಿಗತೊಡಗಿದ ಮೇಲೆ ಎಷ್ಟೋ ಗಿಟಾರ್ ಸಿಕ್ಕ ರೇಟಿಗೆ ಹೋದವು. ಈಗ ಮಾರುವವರಾದರೂ ಸೀರಿಯಲ್ ನಂಬರ್ ಬರೆದಿಡಲಿ. ಯಾರು ನುಡಿಸಿದ್ದು, ಯಾವ ಟ್ರೂಪಿನಲ್ಲಿ ಅಂತ ಕೊಂಡವರಿಗೆ ಒಂದು ಚೀಟಿ ಕೊಡಲಿ.