ಕಾಗದಬಾಕನನ್ನು ಕಾನೂನು ಕಟ್ಟಿಹಾಕಿತೇ?

ಪ್ರಶ್ನೆ: ಫ್ರಾನ್ಸಿನ ಪತ್ರಿಕಾ ದೊರೆ ರೊಬೆರ್ ಎರ್ಸಾನ್ ಕಟ್ಟಿದ್ದನ್ನೆಲ್ಲ 1984ರ ಕಾನೂನು ಒಡೆದುಹಾಕಿತಂತೆ, ನಿಜವೇ?

ಇಲ್ಲ ಸ್ವಾಮಿ. ಇದನ್ನೇ ಎಷ್ಟು ಸಲ ಬರೆದೆನೋ, ಲೆಕ್ಕ ತಪ್ಪಿದೆ. ಹೆಸರನ್ನು ‘ಹರ್ಸಂಟ್’ ಎಂದು ಓದದೆ ಸರಿಯಾಗಿ ಬರೆದಿದ್ದೀರಿ, ಅಷ್ಟೇ ಸಮಾಧಾನ.

ದಿನಪತ್ರಿಕೆಗಳಾದ ಲ ಫಿಗಾರೊ 1975ರಲ್ಲಿ, ಫ್ರಾನ್ಸ್-ಸುವಾರ್ ಮರುವರ್ಷ, ಲೊರೋರ್ 1978ರಲ್ಲಿ ಈತನ ಕೈಸೇರಿದವು. ಜನ ‘ಪಾಪಿವೋರ್’ ಎಂದು ಕರೆದರು. ನಮ್ಮ ಮಾತಲ್ಲಿ ಕಾಗದಬಾಕ. ಪತ್ರಿಕೆಗಳ ಒಡೆತನಕ್ಕೆ ಮಿತಿ ಹಾಕಲು ಅಧ್ಯಕ್ಷ ಮಿತ್ತೆರಾನ್ ಕಾಲದ ಸಮಾಜವಾದಿ ಸರ್ಕಾರ ಮಸೂದೆ ತಂದಾಗ ಗುರಿ ಯಾರೆಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಸಂಸತ್ತು ಒಪ್ಪಿತು. ನೀವು ಕೇಳಿದ ಕತೆ ಇಲ್ಲಿಗೇ ಮುಗಿಯುತ್ತದೆ. ಮುಂದಿನ ಪುಟವನ್ನು ಯಾರೂ ತಿರುವುವುದಿಲ್ಲ. 1984ರ ಅಕ್ಟೋಬರ್‌ನಲ್ಲೇ ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ನೋಡುವ ಸಾಂವಿಧಾನಿಕ ಮಂಡಳಿ, ಆಗಲೇ ಕೊಂಡ ಪತ್ರಿಕೆಗಳ ಮಟ್ಟಿಗೆ ಆ ಮಿತಿಯ ಹಲ್ಲು ಕಿತ್ತಿತು. 1986ರ ಆರಂಭದಲ್ಲಿ, ಕಾನೂನು ಜಾರಿಯಲ್ಲಿರುವಾಗಲೇ, ಈತ ಲಿಯೋನ್ ನಗರದ ಲ ಪ್ರೊಗ್ರೆ ಪತ್ರಿಕೆಯನ್ನೂ ಕೊಂಡ! ಮಾರ್ಚ್‌ನಲ್ಲಿ ಬಲಪಂಥೀಯರು ಗೆದ್ದರು, ಈತನೂ ಸಂಸತ್ತಿಗೆ ಹೋದ. ಅದೇ ವರ್ಷ ಬಂದ ಹೊಸ ಕಾನೂನು ಮಿತಿಯನ್ನು ದಿನಪತ್ರಿಕೆಗಳ ಒಟ್ಟು ಪ್ರಸಾರದ 30%ಕ್ಕೆ ಸಡಿಲಿಸಿತು.

ಏಟು ಬಿದ್ದದ್ದು ಟಿವಿಯಿಂದ. 1987ರಲ್ಲಿ ಇಟಲಿಯ ಟಿವಿ ಉದ್ಯಮಿ ಬೆರ್ಲುಸ್ಕೋನಿ ಜೊತೆ ಲಾ ಸ್ಯಾಂಕ್ ಚಾನೆಲ್ ಸಿಕ್ಕಿತು, ಅದೂ ತನ್ನವರೇ ಅಧಿಕಾರದಲ್ಲಿದ್ದಾಗ. ಜಾಹೀರಾತಿನ ದುಡ್ಡು ಖರ್ಚಿಗೆ ಸಾಲಲಿಲ್ಲ. 1990ರಲ್ಲಿ ಅದನ್ನು ಪ್ರಕಾಶನ ಸಂಸ್ಥೆ ಹ್ಯಾಶೆಟ್‌ ಕೈಗೆ ಬಿಟ್ಟ. 1992ರ ಏಪ್ರಿಲ್ 12ರ ರಾತ್ರಿ ಪರದೆ ಕಪ್ಪಾಯಿತು. ಆದರೂ 1996ರಲ್ಲಿ ತೀರಿಕೊಂಡಾಗ ಫಿಗಾರೊ ಇನ್ನೂ ಈತನದೇ. ಅದು ವಿಮಾನ ತಯಾರಿಸುವ ದಸ್ಸೊ ಮನೆತನಕ್ಕೆ ಹೋದದ್ದು 2004ರಲ್ಲಿ.

ಯುದ್ಧಕಾಲದ ಕಳಂಕದ ಬಗ್ಗೆಯೂ ಕೇಳುತ್ತೀರಿ. ನಾಜಿಗಳೊಂದಿಗೆ ಕೈಜೋಡಿಸಿದ್ದಕ್ಕೆ 1947ರಲ್ಲಿ ಹತ್ತು ವರ್ಷ ನಾಗರಿಕ ಹಕ್ಕು ಕಳೆದುಕೊಂಡದ್ದು ನಿಜ, 1952ರಲ್ಲಿ ಕ್ಷಮೆ ಸಿಕ್ಕಿದ್ದೂ ನಿಜ. 1956ರ ಚುನಾವಣೆಯ ಗೆಲುವನ್ನು ಸಂಸತ್ತು ರದ್ದು ಮಾಡಿತು. ಉಪಚುನಾವಣೆಯಲ್ಲಿ ಮತ್ತೆ ಗೆದ್ದು ಬಂದ.

ಯಾರೂ ಕೇಳದ್ದೊಂದಿದೆ: ಮೊದಲ ದುಡ್ಡು ಎಲ್ಲಿಂದ ಬಂತು? ಕಾರುಗಳಿಂದ. 1950ರಲ್ಲಿ ಶುರುಮಾಡಿದ ಲೋಟೊ-ಜುರ್ನಾಲ್ ಎಂಬ ಕಾರು ಪತ್ರಿಕೆ, 1952ರಲ್ಲಿ ಸಿತ್ರೊಯೆನ್ ಗುಟ್ಟಾಗಿ ರೂಪಿಸುತ್ತಿದ್ದ ಕಾರಿನ ಚಿತ್ರಗಳನ್ನು ಅಚ್ಚುಹಾಕಿಬಿಟ್ಟಿತು. ಕಂಪನಿ ದೂರು ಕೊಟ್ಟಿತು. ಡಿಎಸ್ ಎಂಬ ಆ ಕಾರಿನ ಮೇಲಿನ ಮುಸುಕನ್ನು ಕಂಪನಿ ತಾನಾಗಿ ತೆಗೆದದ್ದು ಮೂರು ವರ್ಷದ ಮೇಲೆ, 1955ರ ಪ್ಯಾರಿಸ್ ಮೋಟಾರು ಮೇಳದಲ್ಲಿ.