ದೆವ್ವಕ್ಕೇ ಗೊತ್ತಿರಲ್ವಾ, ಕೊಂದಿದ್ದು ಯಾರು ಅಂತ?

ಪ್ರಶ್ನೆ: ಅಣ್ಣಾ, ಹೋದ ವಾರ ನಿಮ್ಮ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಕಾದಂಬರಿ ತಗೊಂಡಿದ್ದೆ. ರಟ್ಟಿನ ಮೇಲೆ 'ಪ್ಯಾರಾನಾರ್ಮಲ್ ಕೋಜಿ ಮಿಸ್ಟರಿ' ಅಂತ ಇತ್ತು. ಬೇಕರಿ ನಡೆಸುವ ಹುಡುಗಿ, ಅವಳದೊಂದು ಬೆಕ್ಕು, ಕೊಲೆಯಾದ ಅಜ್ಜಿಯ ದೆವ್ವ. ಒಂದು ಸಲನೂ ಹೆದರಿಕೆ ಆಗಲಿಲ್ಲ. ಅದಿರಲಿ, ಸತ್ತ ಅಜ್ಜಿಯೇ ದೆವ್ವವಾಗಿ ಪಕ್ಕದಲ್ಲಿ ಕೂತಿದ್ದಾಳೆ. ಯಾರು ಕೊಂದರು ಅಂತ ಅವಳನ್ನೇ ಕೇಳಿದರೆ ಮುಗೀತಲ್ವಾ? ಅಷ್ಟುದ್ದ ಕಥೆ ಯಾಕೆ ಬೇಕು? ಇದು ಓದುಗರಿಗೆ ಮಾಡಿದ ಮೋಸ. ಪುಸ್ತಕ ವಾಪಸ್ ತಗೊಂಡು ದುಡ್ಡು ಕೊಡ್ತೀರಾ?
– ಕೌಲ್ ಬಜಾರಿನ ಓದುಗರು

ಉತ್ತರ: ಅಕ್ಕಾ, ಈ ಪ್ರಶ್ನೆ ಕೇಳಿದವರಲ್ಲಿ ನೀವು ಎಷ್ಟನೆಯವರೋ, ನಾನು ಲೆಕ್ಕ ಇಡೋದೇ ಬಿಟ್ಟಿದ್ದೇನೆ. ಅದಕ್ಕೇ ಈ ಸಲ ಬರೆದು ಇಡ್ತಿದ್ದೇನೆ. ಮುಂದಿನವರು ಬಂದಾಗ ಈ ಹಾಳೆ ಕೈಗೆ ಕೊಟ್ಟು ನಾನು ಚಹಾ ಕುಡಿಯಲು ಹೋಗಬಹುದು.

ಹೆದರಿಕೆಯ ಮಾತು ಮೊದಲು ಮುಗಿಸೋಣ. ಕೋಜಿ ಅಂದರೆ ಹೆದರಿಸದ ಕೊಲೆ ಕಥೆ. ರಕ್ತ ಕಾಣಿಸೋದಿಲ್ಲ, ಕೊಲೆ ನಮ್ಮ ಕಣ್ಣ ಮುಂದೆ ಆಗೋದಿಲ್ಲ. ಪತ್ತೆ ಮಾಡುವವರು ಪೊಲೀಸರಲ್ಲ, ಅಂಗಡಿಯವರೋ ಲೈಬ್ರರಿಯವರೋ ಆಗಿರುತ್ತಾರೆ. ಊರು ಚಿಕ್ಕದು, ಎಲ್ಲರ ಮನೆ ಸುದ್ದಿ ಎಲ್ಲರಿಗೂ ಗೊತ್ತು. ಇದಕ್ಕೆ ಒಂದು ದೆವ್ವವನ್ನೋ ಮಾಟಗಾತಿಯನ್ನೋ ಸೇರಿಸಿದರೆ ಪ್ಯಾರಾನಾರ್ಮಲ್ ಕೋಜಿ. ರಟ್ಟಿನ ಮೇಲೆ ಬೆಕ್ಕು, ಕೇಕು ನೋಡಿಯೂ ಹೆದರಿಕೆ ಕೇಳೋದು ಮಿರ್ಚಿ ಬಂಡಿ ಮುಂದೆ ನಿಂತು ಐಸ್‌ಕ್ರೀಂ ಕೇಳಿದ ಹಾಗೆ.

ಈಗ ದೊಡ್ಡ ವಿಷಯಕ್ಕೆ ಬರ್ತೀನಿ. ಸತ್ತವರಿಗೆ ಎಲ್ಲ ಗೊತ್ತಿರುತ್ತೆ ಅಂತ ನಿಮಗೆ ಹೇಳಿದವರು ಯಾರು?

ಸುಮ್ನೆ ಯೋಚಿಸಿ. ಅಜ್ಜಿ ಸತ್ತಿದ್ದು ಹೇಗೆ? ಟೀಯಲ್ಲಿ ವಿಷ ಹಾಕಿದ್ದರು. ಹಾಕಿದ್ದನ್ನು ಅವಳು ನೋಡಿದ್ದರೆ ಕುಡೀತಿದ್ದಳಾ? ಬದುಕಿದ್ದಾಗ ಕಾಣದ್ದು ಸತ್ತ ತಕ್ಷಣ ಕಾಣಬೇಕು ಅನ್ನೋದು ಯಾವ ನ್ಯಾಯ? ನನ್ನ ಅತ್ತೆ ಕನ್ನಡಕ ಹಾಕ್ಕೊಂಡೂ ಕನ್ನಡಕ ಹುಡುಕುತ್ತಾರೆ. ನಾಳೆ ಅವರು ದೆವ್ವವಾದರೂ ಅದನ್ನೇ ಹುಡುಕುತ್ತಾರೆ ಅಂತ ನನ್ನ ಅಂದಾಜು. ಬರೆಯುವವರು ವಿಷ ಹಾಕೋದು, ಹಿಂದಿನಿಂದ ಹೊಡೆಯೋದು, ಕತ್ತಲಲ್ಲಿ ಮೆಟ್ಟಿಲಿಂದ ತಳ್ಳೋದು, ಎಲ್ಲ ಇದಕ್ಕೇ. ದೆವ್ವಕ್ಕೆ ಕೊಂದವರ ಮುಖ ಕಾಣಬಾರದು.

ಸರಿ, ಗೊತ್ತಿದೆ ಅಂತಲೇ ಇಟ್ಟುಕೊಳ್ಳಿ. ಹೇಳಲೇಬೇಕಾ? ಚಿಕ್ಕವರಿದ್ದಾಗ ನೀವು ಓದಿದ ವಿಕ್ರಮ-ಬೇತಾಳ ನೆನಪು ಮಾಡಿಕೊಳ್ಳಿ. ಸೋಮದೇವ ಅದನ್ನು 11ನೇ ಶತಮಾನದಲ್ಲೇ ಕಥಾಸರಿತ್ಸಾಗರದೊಳಗೆ ಬರೆದಿಟ್ಟಿದ್ದಾನೆ. ರಾಜನನ್ನು ಬಲಿ ಕೊಡಲು ಸನ್ಯಾಸಿ ಸಂಚು ಮಾಡಿದ್ದು ಬೇತಾಳಕ್ಕೆ ಗೊತ್ತು. ಹೆಗಲ ಮೇಲೆ ಹತ್ತಿದ ಕೂಡಲೇ "ಆ ಸನ್ಯಾಸಿ ನಿನ್ನನ್ನು ಕೊಲ್ತಾನೆ ಕಣಯ್ಯ" ಅನ್ನಬಹುದಿತ್ತು. ಅಂದಿತಾ? ಕಥೆ ಹೇಳುತ್ತೆ, ಪ್ರಶ್ನೆ ಕೇಳುತ್ತೆ, ರಾಜ ಬಾಯಿ ಬಿಟ್ಟರೆ ಹಾರಿ ಮರಕ್ಕೆ ವಾಪಸ್. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯದೆ ಸುಮ್ಮನಾದ ಮೇಲೇ ಸಂಚಿನ ಗುಟ್ಟು ಬಿಡುತ್ತೆ. ಅಪರಾಧಿ ಗೊತ್ತಿದ್ದೂ ಕೊನೆವರೆಗೆ ಬಾಯಿ ಬಿಡದ ದೆವ್ವ ನಮ್ಮಲ್ಲೇ ಇತ್ತು. ಆಗ ನೀವ್ಯಾರೂ ದುಡ್ಡು ವಾಪಸ್ ಕೇಳಲಿಲ್ಲ.

ಇನ್ನು, ಅಜ್ಜಿ ಹೇಳೇಬಿಟ್ಟಳು ಅಂದುಕೊಳ್ಳಿ. ನಂಬುವವರು ಯಾರು? ಅವಳ ಊರಿನ ಕಾನೂನು ನನಗ್ಯಾಕೆ, ನಮ್ಮದನ್ನೇ ತಗೊಳ್ಳಿ. ಸಾಯುವ ಮುಂಚೆ ಹೇಳಿದ ಮಾತನ್ನು ಕೋರ್ಟ್ ಸಾಕ್ಷಿಯಾಗಿ ತಗೊಳ್ಳುತ್ತೆ. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಂನಲ್ಲಿ ಅದು ಇತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲೂ 26ನೇ ಕಲಂ ಆಗಿ ಇದೆ. ಸತ್ತ ಮೇಲೆ ಹೇಳಿದ ಮಾತಿಗೆ ಯಾವ ಕಲಂ ಇದೆ? ಆ ಬೇಕರಿ ಹುಡುಗಿ ಠಾಣೆಗೆ ಹೋಗಿ "ನಮ್ಮ ಅಜ್ಜಿಯ ದೆವ್ವ ಹೇಳ್ತು" ಅಂದರೆ ಎಫ್‌ಐಆರ್ ಬರೆಯಲ್ಲ, ಮನೆಯವರ ನಂಬರ್ ಕೇಳ್ತಾರೆ. ಹೆಸರು ಸಿಕ್ಕರೂ ಪುರಾವೆ ಹುಡುಕುವ ಕೆಲಸ ಪೂರ್ತಿ ಬಾಕಿ. ಉಳಿದ ಪುಟಗಳೆಲ್ಲ ಅದಕ್ಕೆ.

ಪತ್ತೇದಾರಿ ಕಥೆಯಲ್ಲಿ ದೆವ್ವ ಬರಲೇಬಾರದು ಅಂತ ನಿಯಮ ಇದೆಯಲ್ಲ ಅಂತ ಓದಿಕೊಂಡವರೊಬ್ಬರು ನನ್ನ ಜೊತೆ ವಾದಕ್ಕೆ ನಿಂತಿದ್ದರು. ನಿಯಮ ಇದ್ದದ್ದು ನಿಜ. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವವರು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಮಾಡಿದರು. ಎರಡನೆಯದೇ ಅತಿಮಾನುಷ ಶಕ್ತಿಗಳಿಗೆ ಪ್ರವೇಶ ಇಲ್ಲ ಅನ್ನೋದು. ಮಾಡಿದವರು ಕ್ಯಾಥೊಲಿಕ್ ಪಾದ್ರಿ, ಅದೊಂದು ತಮಾಷೆ. ಇತ್ತ ಷರ್ಲಾಕ್ ಹೋಮ್ಸ್‌ನ ಸೃಷ್ಟಿಸಿದ ಕಾನನ್ ಡಾಯ್ಲ್ ಸತ್ತವರ ಆತ್ಮದ ಜೊತೆ ಮಾತಾಡಬಹುದು ಅಂತ ಊರೂರು ಸುತ್ತಿ ಭಾಷಣ ಮಾಡಿದ ಮನುಷ್ಯ. ಆದರೂ ಹೋಮ್ಸ್‌ನ ಕೋಣೆಯೊಳಗೆ ಒಂದು ದೆವ್ವವನ್ನೂ ಬಿಟ್ಟುಕೊಳ್ಳಲಿಲ್ಲ. ನಾಕ್ಸ್ ಹೆದರಿದ್ದು ದೆವ್ವಕ್ಕಲ್ಲ, ಬರೆಯುವವರ ಸೋಮಾರಿತನಕ್ಕೆ. ಪತ್ತೇದಾರನಿಗೆ ದಾರಿ ತೋಚದಾಗ ಆಕಾಶದಿಂದ ಉತ್ತರ ಇಳಿದರೆ ಓದುಗರು ತಲೆ ಓಡಿಸಿದ್ದು ದಂಡ, ಅಲ್ವಾ?

ಇಲ್ಲಿ ಅಕ್ಕಾ, ನಿಮ್ಮ ಕಡೆ ಒಂದು ಮಾತು ಹೇಳಲೇಬೇಕು. ಆ ಪುಸ್ತಕ ಮಾರುವ ಮುಂಚೆ ನಾನೂ ಓದಿದ್ದೆ. ಶುರುವಿನಲ್ಲೇ ಅಜ್ಜಿ ಅಳ್ತಾಳೆ: ಒಂದು ಚಮಚ ಎತ್ತಲೂ ಆಗ್ತಿಲ್ಲ, ಕೈ ಹಾಗೇ ತೂರಿ ಹೋಗುತ್ತೆ ಅಂತ. ಅದು ಬರೆದವರು ನಮಗೆ ಕೊಟ್ಟ ಮಾತು. ಆಮೇಲೆ 213ನೇ ಪುಟದಲ್ಲಿ ಕೊಲೆಗಾರ ಚಾಕು ಎತ್ತಿದ ಕೂಡಲೇ ಅದೇ ಅಜ್ಜಿ ಮೈದಾ ಚೀಲ ಎಳೆದು ಅವನ ತಲೆ ಮೇಲೆ ಕೆಡವುತ್ತಾಳೆ! ಎಲ್ಲಿಂದ ಬಂತು ಶಕ್ತಿ? ಪ್ರೀತಿಯಿಂದ ಅಂತೆ. ನಿಮ್ಮನ್ನು ಕೆರಳಿಸಿದ್ದು ಇದೇ. ದೆವ್ವ ಇದ್ದದ್ದು ಮೋಸ ಅಲ್ಲ, ದೆವ್ವದ ನಿಯಮ ಕೊನೆಗೆ ಬದಲಾಗಿದ್ದು ಮೋಸ. ನಿಮ್ಮ ಸಿಟ್ಟು ಸರಿ, ಕಾರಣ ಮಾತ್ರ ತಪ್ಪು.

ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ಕೋಜಿ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಬಹಳ ದಿನ ತಲೆ ಕೆಡಿಸಿಕೊಂಡೆ. ಒಬ್ಬರು 'ಬೆಚ್ಚನೆಯ ಕಥೆ' ಅಂದರು. ಮಳೆ ಬೀಳುವ ಮಲೆನಾಡಿಗೆ ಅದು ಸರಿ. 40 ಡಿಗ್ರಿ ದಾಟುವ ಬಳ್ಳಾರಿ ಬೇಸಿಗೆಯಲ್ಲಿ ಬೆಚ್ಚನೆಯ ಪುಸ್ತಕ ಇದೆ ಅಂದರೆ ಗಿರಾಕಿ ಮೆಟ್ಟಿಲೂ ಹತ್ತಲ್ಲ. ನಮಗೆ ಕರೆಂಟ್ ಹೋದ ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಕ್ಕೊಂಡು ಅಕ್ಕಪಕ್ಕದವರ ಸುದ್ದಿ ಆಡೋದೇ ಕೋಜಿ. ಪತ್ತೇದಾರಿ ಮಾಡಲು ಬೇಕರಿ ಹುಡುಗಿ ಬೇಡ, ಮಂಡಕ್ಕಿ ಒಗ್ಗರಣೆ-ಮಿರ್ಚಿ ಬಂಡಿಯವನು ಸಾಕು. ಸಂಜೆ ಐದಕ್ಕೆ ಬಾಣಲೆ ಇಟ್ಟರೆ ರಾತ್ರಿ ಹತ್ತರವರೆಗೆ ಯಾರು ಯಾರ ಜೊತೆ ಬಂದರು, ಯಾರು ಎರಡು ಪ್ಲೇಟ್ ಕಟ್ಟಿಸಿಕೊಂಡರು, ಒಂಟಿಯಾಗಿರುವ ಮನುಷ್ಯನಿಗೆ ಎರಡು ಪ್ಲೇಟ್ ಯಾಕೆ, ಎಲ್ಲ ಅವನಿಗೆ ಗೊತ್ತು. ದೆವ್ವವಾಗಿ ಅವನ ಅಪ್ಪನನ್ನೇ ಇಡಬಹುದು. ಪಕ್ಕದಲ್ಲಿ ನಿಂತು "ಉಪ್ಪು ಜಾಸ್ತಿ ಆಯ್ತಲೇ" ಅನ್ನುವುದು ಬಿಟ್ಟು ಬೇರೆ ಯಾವ ಶಕ್ತಿಯೂ ಇಲ್ಲದ ದೆವ್ವ. ಯಾರಾದರೂ ಬರೆದರೆ ಮೊದಲ ಹತ್ತು ಪ್ರತಿ ನಾನೇ ತಗೊಳ್ತೀನಿ.

ದುಡ್ಡಿನ ವಿಷಯ. ನಿನ್ನೆ ನಿಮ್ಮ ಮಗನ ಕೈಲಿ ಕಳಿಸಿದ ಪುಸ್ತಕ ತೆರೆದು ನೋಡಿದೆ. ಮೊದಲಿಂದ 212ನೇ ಪುಟದವರೆಗೆ ಅಲ್ಲಲ್ಲಿ ಎಣ್ಣೆ ಬೆರಳಿನ ಗುರುತು, ಒಂದು ಕಡೆ ಮಂಡಕ್ಕಿ ಕಾಳು. 213ರಿಂದ ಆಚೆ ಹಾಳೆಗಳು ಕ್ಲೀನ್. ಅಂದರೆ ಅಲ್ಲಿವರೆಗೆ ಮಿರ್ಚಿ ತಿಂತಾ ಖುಷಿಯಾಗಿಯೇ ಓದಿದ್ದೀರಿ. ಅರ್ಧ ದುಡ್ಡು ಕೊಡ್ತೀನಿ ಅಕ್ಕಾ, ಬಂದು ಇಸ್ಕೊಳ್ಳಿ.